ಮೂಡಲ್‌ಗೆ ಪ್ಲಗಿನ್ ಬರೆಯುವ ಮುನ್ನ ಬಗೆ ಗೊತ್ತು ಮಾಡಿಕೊಳ್ಳಿ

ಹಾಸನದ ಒಂದು ಪದವಿ ಕಾಲೇಜನ್ನು ಊಹಿಸಿಕೊಳ್ಳಿ. ಪಾಠಕ್ಕೆ ಮೂಡಲ್ ಎಂಬ ಆನ್‌ಲೈನ್ ಕಲಿಕೆಯ ತಂತ್ರಾಂಶ ಹಾಕಿಕೊಂಡಿದ್ದಾರೆ. ಮೊದಲ ವರ್ಷ ನೋಟ್ಸ್ ಏರಿಸಿದ್ದು, ಕ್ವಿಜ್ ಮಾಡಿದ್ದು ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಎರಡನೇ ವರ್ಷಕ್ಕೆ ಎಲ್ಲರಿಗೂ ರುಚಿ ಹತ್ತಿತು, ಬೇಡಿಕೆ ಶುರುವಾಯಿತು. ಸಸ್ಯಶಾಸ್ತ್ರದ ಮೇಡಂ ಬಂದು, "ಸರ್, ನಮ್ ಹುಡುಗ್ರು ಮೂಡಿಗೆರೆ ಕಡೆ ಕಾಫಿ ತೋಟಕ್ಕೆ ಹೋಗಿ ಎಲೆ ತುಕ್ಕು ನೋಡ್ಕೊಂಡು ಬರ್ತಾರಲ್ಲ, ಅದನ್ನ ಫೋನಲ್ಲೇ ತುಂಬೋ ಹಾಗೆ ಮಾಡ್ಕೊಡಿ. ಮಾರ್ಕ್ಸೂ ಅಲ್ಲೇ ಬೀಳ್ಲಿ" ಅಂದರು. ಹಾಜರಿ ಕಡಿಮೆ ಇರುವವರಿಗೆ ಕಣ್ಣಿಗೆ ಹೊಡೆಯುವಂತೆ ಒಂದು ಎಚ್ಚರಿಕೆ ಕಾಣಬೇಕು ಅಂತ ಪ್ರಿನ್ಸಿಪಾಲರು. ಅಡ್ಮಿಷನ್ ಸಾಫ್ಟ್‌ವೇರ್‌ನಲ್ಲಿರುವ ಹೆಸರುಗಳು ತಾವಾಗಿಯೇ ಬರಬೇಕು ಅಂತ ಆಫೀಸಿನವರು. ಇಂಟರ್ನಲ್ಸ್‌ನಲ್ಲಿ ಅಂಕ ಕಡಿಮೆಯಾದರೆ ಮನೆಗೆ ಎಸ್‌ಎಂಎಸ್ ಹೋಗಬೇಕು ಅಂತ ಇನ್ನೊಬ್ಬರು. ಕೊನೆಗೆ ಇಷ್ಟೂ ಸೇರಿ ಕಂಪ್ಯೂಟರ್ ವಿಭಾಗದವರ ಮೇಜಿಗೆ ಬರುವುದು ಒಂದೇ ಮಾತಾಗಿ: "ಒಂದು ಪ್ಲಗಿನ್ ಬರೆದುಬಿಡಿ."

ಪ್ಲಗಿನ್ ಅಂದರೆ ಮೂಡಲ್‌ಗೆ ಹೊಸ ಕೆಲಸ ಸೇರಿಸುವ ಬಿಡಿ ಭಾಗ. ಆದರೆ ಒಂದು ಪ್ಲಗಿನ್ ಅಂತ ಇಲ್ಲ. ಮೂಡಲ್‌ನಲ್ಲಿ ಪ್ಲಗಿನ್‌ಗಳ ಬಗೆಗಳೇ ಐವತ್ತಕ್ಕೂ ಹೆಚ್ಚು. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಮಾರ್ಟಿನ್ ಡೂಗಿಯಾಮಸ್ ಶುರು ಮಾಡಿದ ಈ ತಂತ್ರಾಂಶದ 1.0 ಆವೃತ್ತಿ 2002ರ ಆಗಸ್ಟ್‌ನಲ್ಲಿ ಹೊರಬಂತು. ಬಿಡಿ ಭಾಗಗಳನ್ನು ಜೋಡಿಸಿ ಬೆಳೆಸುವುದು ಅಂದಿನಿಂದಲೂ ಅದರ ಸ್ವಭಾವ. ಕ್ವಿಜ್, ಫೋರಂ, ಅಸೈನ್‌ಮೆಂಟ್, ಪುಟದ ಅಂಚಿನ ಕ್ಯಾಲೆಂಡರ್, ಲಾಗಿನ್ ಮಾಡಿಸುವ ವಿಧಾನ, ಪುಟದ ಬಣ್ಣ ಎಲ್ಲವೂ ಪ್ಲಗಿನ್‌ಗಳೇ. ಮೂಲ ಕೋಡ್ ಮುಟ್ಟದೆ ನಮ್ಮದೊಂದನ್ನು ಅವುಗಳ ಪಕ್ಕಕ್ಕೆ ಸೇರಿಸಬಹುದು.

ಹೊಸಬರು ಬಗೆ ಅಂದರೆ ಫೋಲ್ಡರ್ ಅಂದುಕೊಳ್ಳುತ್ತಾರೆ. ಕೋಡ್ ಎಲ್ಲಿಟ್ಟರೇನು, ಓಡಿದರಾಯಿತು ಅನ್ನುವ ಧೋರಣೆ. ಆದರೆ ನೀವು ಬಗೆ ಆರಿಸಿದಾಗ ಆರಿಸುತ್ತಿರುವುದು, ಮೂಡಲ್ ನಿಮ್ಮ ಪರವಾಗಿ ಯಾವ್ಯಾವ ಕೆಲಸ ಮಾಡಿಕೊಡುತ್ತದೆ ಎಂಬುದನ್ನು. ಆ್ಯಕ್ಟಿವಿಟಿ (ಕ್ವಿಜ್, ಅಸೈನ್‌ಮೆಂಟ್‌ನಂತೆ ಕೋರ್ಸಿನೊಳಗೆ ವಿದ್ಯಾರ್ಥಿ ಮಾಡುವ ಕೆಲಸ) ಅಂತ ಬರೆದರೆ ಅಂಕಪಟ್ಟಿ, ಗುಂಪುಗಳು, ಪೂರ್ಣಗೊಂಡ ಗುರುತು, ಯಾವಾಗ ತೆರೆಯಬೇಕೆಂಬ ಷರತ್ತು, ಕೋರ್ಸ್ ಬ್ಯಾಕಪ್ ಇವಕ್ಕೆಲ್ಲ ಜಾಗ ಸಿದ್ಧವಿರುತ್ತದೆ. ಅದೇ ಕೋಡನ್ನು ಬ್ಲಾಕ್ (ಪುಟದ ಅಂಚಿನ ಪುಟ್ಟ ಪೆಟ್ಟಿಗೆ) ಅಂತ ಬರೆದರೆ ಇವುಗಳಲ್ಲಿ ಬಹುಪಾಲು ಸಿಗುವುದಿಲ್ಲ. ಬೇಕಾದರೆ ನೀವೇ ಕಟ್ಟಿಕೊಳ್ಳಬೇಕು, ಪ್ರತಿ ಆವೃತ್ತಿ ಬದಲಾದಾಗಲೂ ನೀವೇ ಸರಿಪಡಿಸಿಕೊಳ್ಳಬೇಕು.

ಬೇಡಿಕೆ ತಂದವರನ್ನು ನಾನು ಮೊದಲು ಕೇಳುವುದು ಸ್ಕ್ರೀನ್ ಹೇಗಿರಬೇಕು ಅಂತ ಅಲ್ಲ. ಈ ಕೋರ್ಸನ್ನು ಮುಂದಿನ ಸೆಮಿಸ್ಟರ್‌ಗೆ ಕಾಪಿ ಮಾಡಿದರೆ ಇದೂ ಜೊತೆಗೆ ಹೋಗಬೇಕಾ? ಕೋರ್ಸ್ ಅಳಿಸಿದರೆ ಇದೂ ಅಳಿಯಬೇಕಾ? ಹೌದು ಅಂದರೆ ಅದು ಕೋರ್ಸಿನ ಒಳಗಿನ ವಸ್ತು, ಆ್ಯಕ್ಟಿವಿಟಿ ಆಗುವ ಸಂಭವ ಹೆಚ್ಚು. ಇಲ್ಲ, ಇದು ಇಡೀ ಕಾಲೇಜಿನದು ಅಂದರೆ ಬೇರೆ ದಾರಿ. ಈ ಎರಡು ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ.

ಮೇಡಂ ಕೇಳಿದ ತೋಟದ ದಿನಚರಿಯನ್ನೇ ಹಿಡಿದು ನೋಡೋಣ, ಇದರಲ್ಲಿ ಕಲಿಯುವುದು ಬಹಳ ಇದೆ. ವಿದ್ಯಾರ್ಥಿ ಅರೇಬಿಕಾ ಗಿಡಗಳ ಸಾಲಿನಲ್ಲಿ ನಿಂತು ಎಲೆಯ ಅಡಿಭಾಗದ ಕಿತ್ತಳೆ ಪುಡಿಯ ಫೋಟೋ ತೆಗೆಯಬೇಕು, ಎಷ್ಟು ಎಲೆ ನೋಡಿದೆ, ಎಷ್ಟಕ್ಕೆ ತುಕ್ಕು ಹತ್ತಿದೆ ಅಂತ ಬರೆಯಬೇಕು, ಕಾಂಡ ಕೊರಕದ ಗುರುತಿದ್ದರೆ ಹೇಳಬೇಕು, ಜಾಗ ಎಲ್ಲಿ ಅಂತ ನಮೂದಿಸಬೇಕು. ಆಮೇಲೆ ಮೇಡಂ ನೋಡಿ ಅಂಕ ಹಾಕಬೇಕು. ಕೇಳಿದ ಕೂಡಲೇ ಹೊಸ ಆ್ಯಕ್ಟಿವಿಟಿ ಮಾಡ್ಯೂಲ್ (ಆ್ಯಕ್ಟಿವಿಟಿ ಬಗೆಯ ಪ್ಲಗಿನ್) ಬರೆಯೋಣ ಅಂತ ಕೈ ಚುರುಗುಟ್ಟುತ್ತದೆ. ಸ್ವಲ್ಪ ತಡೆಯಿರಿ.

ಮೂಡಲ್ ಜೊತೆಗೇ ಬರುವ ಡೇಟಾಬೇಸ್ ಎಂಬ ಆ್ಯಕ್ಟಿವಿಟಿ ಒಂದಿದೆ. ಹೆಸರು ನೋಡಿ ಹೆದರಿ ಮೇಷ್ಟ್ರುಗಳು ಅದರ ಹತ್ತಿರ ಸುಳಿಯುವುದಿಲ್ಲ. ಅದರಲ್ಲಿ ಚಿತ್ರ, ಸಂಖ್ಯೆ, ಆಯ್ಕೆಪಟ್ಟಿ, ದಿನಾಂಕ ಮಾತ್ರವಲ್ಲ, ಅಕ್ಷಾಂಶ-ರೇಖಾಂಶಕ್ಕೂ ಪ್ರತ್ಯೇಕ ಕಾಲಂ ಇದೆ. ವಿದ್ಯಾರ್ಥಿ ತುಂಬಿದ್ದನ್ನು ಮೇಡಂ ಒಪ್ಪಿದ ಮೇಲಷ್ಟೇ ಉಳಿದವರಿಗೆ ಕಾಣುವಂತೆ ಮಾಡಬಹುದು. ರೇಟಿಂಗ್ ಮೂಲಕ ಕೊಟ್ಟ ಅಂಕ ನೇರವಾಗಿ ಅಂಕಪಟ್ಟಿಗೆ ಸೇರುತ್ತದೆ. ಅಂದರೆ ಬೇಡಿಕೆಯ ಬಹುಪಾಲು ಒಂದು ಸಾಲು ಕೋಡ್ ಇಲ್ಲದೆ, ಒಂದು ಮಧ್ಯಾಹ್ನ ಕೂತು ಸೆಟ್ಟಿಂಗ್ ಮಾಡಿದರೆ ಮುಗಿಯಿತು.

ಮೇಡಂಗೆ ಅಷ್ಟು ಸಾಲುವುದಿಲ್ಲ ಅನ್ನಿ. ಅಂಕ ಕೊಡುವಾಗ ರೂಬ್ರಿಕ್ (ಯಾವ ಅಂಶಕ್ಕೆ ಎಷ್ಟು ಅಂಕ ಎಂಬ ಪಟ್ಟಿ) ಬೇಕು, ಕೊನೆಯ ದಿನಾಂಕ ಬೇಕು, ತಡವಾಗಿ ಕೊಟ್ಟವರ ಲೆಕ್ಕ ಬೇಕು, ತಿದ್ದಿ ಮರಳಿ ಕಳಿಸಬೇಕು. ಇದೆಲ್ಲ ಅಸೈನ್‌ಮೆಂಟ್ ಆ್ಯಕ್ಟಿವಿಟಿಯಲ್ಲಿ ಆಗಲೇ ಇದೆ. ಇಲ್ಲದಿರುವುದು ಎಲೆ ಲೆಕ್ಕ ತುಂಬುವ ಫಾರಂ ಒಂದೇ. ಇಂಥ ಹೊತ್ತಿಗೆಂದೇ ಉಪಪ್ಲಗಿನ್‌ಗಳಿವೆ, ಅಂದರೆ ಒಂದು ಪ್ಲಗಿನ್‌ನ ಒಳಗೆ ಕೂರುವ ಚಿಕ್ಕ ಪ್ಲಗಿನ್‌ಗಳು. ಅಸೈನ್‌ಮೆಂಟ್‌ನ ಒಳಗೆ ಸಬ್‌ಮಿಷನ್ ಪ್ಲಗಿನ್ ಎಂಬ ಬಗೆ ಇದೆ. ಫೈಲ್ ಏರಿಸುವುದು, ಆನ್‌ಲೈನ್‌ನಲ್ಲಿ ಟೈಪ್ ಮಾಡುವುದು ಇವೆರಡೂ ಅದೇ ಬಗೆಯವು. ಮೂರನೆಯದಾಗಿ ನಮ್ಮ ತೋಟದ ಫಾರಂ ಅವುಗಳ ಪಕ್ಕದಲ್ಲಿ ಕೂರಬಹುದು. ಫಾರಂ ತೋರಿಸುವುದು, ಉಳಿಸುವುದು, ಮೇಡಂಗೆ ಕಾಣಿಸುವುದು ಇಷ್ಟೇ ನಮ್ಮ ಹೊಣೆ. ಗಡುವು, ರೂಬ್ರಿಕ್, ಗುಂಪು, ಅಂಕ ಎಲ್ಲ ಅಸೈನ್‌ಮೆಂಟ್‌ನವರ ತಲೆನೋವು. ನನ್ನನ್ನು ಕೇಳಿದರೆ ಮೂಡಲ್‌ನಲ್ಲಿ ಜನ ಅತಿ ಕಡಿಮೆ ಬಳಸುವ, ಅತಿ ಹೆಚ್ಚು ಉಪಯೋಗಕ್ಕೆ ಬರುವ ಜಾಗ ಈ ಉಪಪ್ಲಗಿನ್‌ಗಳೇ. ಡೇಟಾಬೇಸ್‌ಗೂ ಹೀಗೆ ಹೊಸ ಬಗೆಯ ಕಾಲಂ ಸೇರಿಸಬಹುದು, ಕ್ವಿಜ್‌ಗೂ ಹೊಸ ಪ್ರವೇಶ ನಿಯಮ ಸೇರಿಸಬಹುದು.

ಹಾಗಾದರೆ ಪೂರ್ತಿ ಹೊಸ ಆ್ಯಕ್ಟಿವಿಟಿ ಮಾಡ್ಯೂಲ್ ಯಾವಾಗ? ಕೆಲಸದ ಸ್ವರೂಪವೇ ಯಾವ ಹಳೆಯ ಆ್ಯಕ್ಟಿವಿಟಿಯೊಳಗೂ ಕೂರದಿದ್ದಾಗ. ಮೂವರು ಸೇರಿ ಒಂದೇ ಸಾಲಿನ ಗಿಡಗಳನ್ನು ಮೂರು ಸಲ ಎಣಿಸಬೇಕು, ಅವರ ಎಣಿಕೆ ಎಷ್ಟು ತಾಳೆಯಾಯಿತು ಎಂಬುದರ ಮೇಲೆ ಅಂಕ ತಾನಾಗಿ ಬೀಳಬೇಕು, ಒಂದು ಹಂತ ಮುಗಿಯದೆ ಇನ್ನೊಂದು ತೆರೆಯಬಾರದು ಅಂದರೆ ಅದು ತನ್ನದೇ ಆದ ವಸ್ತು, ಮಾಡ್ಯೂಲ್ ಬರೆಯಿರಿ. ಬರೆಯುವ ಮುನ್ನ ಎಷ್ಟು ಕೆಲಸವಿದೆ ಅಂತ ಗೊತ್ತಿರಲಿ. ಸೇರಿಸುವ, ತಿದ್ದುವ, ಅಳಿಸುವ ಮೂರು ಫಂಕ್ಷನ್ ಬೇಕೇ ಬೇಕು. ಸೆಟ್ಟಿಂಗ್ ಫಾರಂ ಬೇಕು. ತೋರಿಸುವ ಪುಟ ಬೇಕು. ಅಂಕ ಇದೆಯಾ, ಬ್ಯಾಕಪ್ ಇದೆಯಾ, ಗುಂಪು ಇದೆಯಾ ಎಂದು ಮೂಡಲ್ ಕೇಳಿದಾಗ ಉತ್ತರಿಸುವ ಒಂದು ಫಂಕ್ಷನ್ ಬೇಕು. ಬ್ಯಾಕಪ್ ಇದೆ ಅಂದಮೇಲೆ ಅದನ್ನೂ ಬರೆಯಬೇಕು, ಮರಳಿ ಹಾಕುವುದನ್ನೂ ಬರೆಯಬೇಕು. ಜಾಗ ಸಿದ್ಧವಿರುತ್ತದೆ ಅಂದೆನಲ್ಲ, ಅಲ್ಲಿ ಕೂರಿಸುವ ಕೆಲಸ ನಿಮ್ಮದೇ. ಮೊದಲ ವರ್ಷ ಬ್ಯಾಕಪ್ ಬರೆಯದೆ ಬಿಟ್ಟವರು ಎಷ್ಟೋ ಜನ. ಎರಡನೇ ವರ್ಷ ಕೋರ್ಸ್ ಕಾಪಿ ಮಾಡುವ ಹೊತ್ತಿಗೆ ಗೊತ್ತಾಗುತ್ತದೆ.

ನಮ್ಮ ಕಡೆ ಇನ್ನೊಂದು ಮಾತು ಗಮನಿಸಬೇಕು. ಸಕಲೇಶಪುರ, ಮೂಡಿಗೆರೆ ಕಡೆಯ ತೋಟಗಳಲ್ಲಿ ಮಳೆಗಾಲಕ್ಕೆ ಸಿಗ್ನಲ್ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಮೂಡಲ್‌ನ ಮೊಬೈಲ್ ಆ್ಯಪ್‌ನಲ್ಲಿ ಅಸೈನ್‌ಮೆಂಟನ್ನು ಆಫ್‌ಲೈನ್‌ನಲ್ಲೇ ಬರೆದಿಟ್ಟು ಆಮೇಲೆ ಕಳಿಸಬಹುದು. ಆದರೆ ನೀವು ಬರೆದ ಹೊಸ ಪ್ಲಗಿನ್ ಆ್ಯಪ್‌ನಲ್ಲಿ ತಾನಾಗಿ ಕಾಣುವುದಿಲ್ಲ. ಅದಕ್ಕೆ ಬೇರೆ ಫೈಲ್, ಬೇರೆ ಟೆಂಪ್ಲೇಟ್ ಬರೆಯಬೇಕು. ಸಬ್‌ಮಿಷನ್ ಉಪಪ್ಲಗಿನ್‌ಗೂ ಇದೇ ನಿಯಮ. ಆ್ಯಪ್‌ಗೆ ಗೊತ್ತಿಲ್ಲದ ಉಪಪ್ಲಗಿನ್ ಇದ್ದರೆ ಬ್ರೌಸರ್‌ನಲ್ಲಿ ತೆರೆಯಿರಿ ಅನ್ನುತ್ತದೆ. ತೋಟದಲ್ಲಿ ನಿಂತ ಹುಡುಗನಿಗೆ ಇದು ಪ್ರಯೋಜನಕ್ಕೆ ಬಾರದ ಉತ್ತರ. ಆದ್ದರಿಂದ ಆ್ಯಪ್ ಮುಖ್ಯ ಅಂತಾದರೆ ಇರುವ ಆ್ಯಕ್ಟಿವಿಟಿಯಲ್ಲೇ ಹೊಂದಿಸಿಕೊಳ್ಳುವುದರ ಪರ ನನ್ನ ವೋಟು.

ಪ್ರಿನ್ಸಿಪಾಲರ ಎಚ್ಚರಿಕೆಗೆ ಬರೋಣ. ಹಾಜರಿ ತೆಗೆಯುವುದಕ್ಕೆ ಹೊರಗಿನವರು ಬರೆದ ಅಟೆಂಡೆನ್ಸ್ ಪ್ಲಗಿನ್ ಬಹಳ ಕಡೆ ಬಳಕೆಯಲ್ಲಿದೆ. ಅದು ಆ್ಯಕ್ಟಿವಿಟಿಯೇ, ಯಾಕೆಂದರೆ ಹಾಜರಿಗೂ ಅಂಕ ಕೊಡಬಹುದು, ಅದು ಕೋರ್ಸಿಗೆ ಸೇರಿದ್ದು. ಆದರೆ "ನಿಮ್ಮ ಹಾಜರಿ ಕಡಿಮೆ ಇದೆ" ಎಂದು ತೋರಿಸುವುದು ಬರೀ ತೋರಿಸುವ ಕೆಲಸ. ಅಲ್ಲಿ ಯಾರೂ ಏನನ್ನೂ ತುಂಬುವುದಿಲ್ಲ. ಇದು ಬ್ಲಾಕ್. ಬೇರೆಲ್ಲೋ ಇರುವ ಮಾಹಿತಿಯನ್ನು ಚಿಕ್ಕದಾಗಿ ತಂದು ಪುಟದ ಅಂಚಿನಲ್ಲಿ ಇಡುವುದಕ್ಕೇ ಬ್ಲಾಕ್ ಇರುವುದು. ಬರೆಯುವುದೂ ಸುಲಭ: ಒಂದು ಕ್ಲಾಸ್, ಅದರಲ್ಲಿ ಶೀರ್ಷಿಕೆ ಕೊಡುವ ಒಂದು ಮೆಥಡ್, ಒಳಗಿನ ವಿಷಯ ಕೊಡುವ ಇನ್ನೊಂದು, ಜೊತೆಗೆ ಅನುಮತಿ ಮತ್ತು ಭಾಷೆಯ ಫೈಲ್. ಸುಲಭವಾದ್ದರಿಂದಲೇ ಜನ ಅದರೊಳಗೆ ಫಾರಂ, ಟೇಬಲ್, ಅಂಕ ಎಲ್ಲ ತುರುಕುತ್ತಾರೆ. ಇನ್ನೊಂದು ಸಮಸ್ಯೆಯೂ ಇದೆ. 2022ರಲ್ಲಿ ಬಂದ 4.0 ಆವೃತ್ತಿಯಿಂದ ಮೂಡಲ್‌ನ ಮಾಮೂಲಿ ಥೀಮ್‌ನಲ್ಲಿ ಬ್ಲಾಕ್‌ಗಳು ಬಲಗಡೆ ಮುಚ್ಚಬಹುದಾದ ಡ್ರಾಯರ್ ಒಳಗೆ ಹೋದವು. ಫೋನಿನಲ್ಲಿ ವಿದ್ಯಾರ್ಥಿ ಅದನ್ನು ತೆರೆದರಷ್ಟೇ ಕಾಣುತ್ತದೆ. ಕಣ್ಣಿಗೆ ಹೊಡೆಯಬೇಕು ಎಂಬುದೇ ಪ್ರಿನ್ಸಿಪಾಲರ ಆಸೆಯಾಗಿದ್ದರೆ ಬ್ಲಾಕ್‌ಗಿಂತ ನೋಟಿಫಿಕೇಶನ್ ಕಳಿಸುವುದು ಮೇಲು.

ಇನ್ನು ಲೋಕಲ್ ಎಂಬ ಬಗೆ. ಮಲೆನಾಡಿನ ಮನೆಯಲ್ಲಿ ಎಲ್ಲಿಡಬೇಕು ಅಂತ ತೋಚದ್ದೆಲ್ಲ ಅಟ್ಟಕ್ಕೆ ಹೋಗುವ ಹಾಗೆ, ಮೂಡಲ್‌ನಲ್ಲಿ ಬಗೆ ತೋಚದ್ದೆಲ್ಲ ಲೋಕಲ್‌ಗೆ ಹೋಗುತ್ತದೆ. ಬೇರೆ ಯಾವ ಬಗೆಯೂ ಒಗ್ಗದಿದ್ದರೆ ಇದನ್ನು ಬಳಸಿ ಎಂದು ಮೂಡಲ್‌ನ ದಾಖಲೆಯಲ್ಲೇ ಇದೆ. ಓದುವವರು "ಒಗ್ಗದಿದ್ದರೆ" ಎಂಬುದನ್ನು ಮಾತ್ರ ಬಿಟ್ಟು ಓದುತ್ತಾರೆ. ಹಾಗಂತ ಲೋಕಲ್ ಕೀಳೇನಲ್ಲ. ಇಡೀ ಸೈಟಿಗೆ ಸಂಬಂಧಿಸಿದ, ತೆರೆಯ ಹಿಂದೆ ನಡೆಯುವ ಕೆಲಸಕ್ಕೆ ಅದೇ ಸರಿಯಾದ ಜಾಗ. ಏನಾದರೂ ನಡೆದಾಗ ಅದನ್ನು ಕೇಳಿಸಿಕೊಂಡು ಮುಂದುವರಿಯುವುದು, ರಾತ್ರಿ ಹೊತ್ತು ಓಡುವ ಕೆಲಸ, ಮೆನುಗೆ ಒಂದು ಕೊಂಡಿ, ಬೇರೆ ಸಾಫ್ಟ್‌ವೇರ್ ಬಂದು ಕೇಳಲು ಒಂದು ವೆಬ್ ಸರ್ವಿಸ್, ಇವಕ್ಕೆಲ್ಲ ಲೋಕಲ್ ಒಪ್ಪುತ್ತದೆ. ಆಡಳಿತಗಾರರು ಮಾತ್ರ ಬಳಸುವ ಉಪಕರಣವಾದರೆ ಟೂಲ್ ಎಂಬ ಇನ್ನೊಂದು ಬಗೆಯೇ ಇದೆ.

ಎಸ್‌ಎಂಎಸ್ ಬೇಡಿಕೆಯನ್ನು ಇಲ್ಲಿಟ್ಟು ನೋಡಿ. ಅಂಕ ಬಿದ್ದ ಕೂಡಲೇ ಮೂಡಲ್ ಒಂದು ಈವೆಂಟ್ (ಹೀಗಾಯಿತು ಎಂಬ ಸೂಚನೆ) ಹೊರಡಿಸುತ್ತದೆ. ಲೋಕಲ್ ಪ್ಲಗಿನ್‌ನಲ್ಲಿರುವ ಅಬ್ಸರ್ವರ್ ಎಂಬ ಕೋಡ್ ಅದನ್ನು ಹಿಡಿಯುತ್ತದೆ. ಅಲ್ಲೇ ನಿಂತು ಎಸ್‌ಎಂಎಸ್ ಕಂಪನಿಯ ಸರ್ವರ್‌ಗೆ ಕರೆ ಮಾಡಿದಿರೋ, ಅಂಕ ಹಾಕುತ್ತಿರುವ ಮೇಷ್ಟ್ರ ಪುಟ ಆ ಉತ್ತರ ಬರುವವರೆಗೂ ತಿರುಗುತ್ತಲೇ ಇರುತ್ತದೆ. ಅಬ್ಸರ್ವರ್ ಓಡುವುದು ಅದೇ ವಿನಂತಿಯ ಒಳಗೆ. ಅರವತ್ತು ಜನರ ತರಗತಿಗೆ ಒಟ್ಟಿಗೆ ಅಂಕ ಹಾಕಿದರೆ ಏನಾಗುತ್ತದೆ, ನೀವೇ ಯೋಚಿಸಿ. ಅಬ್ಸರ್ವರ್ ಒಂದು ಅಡ್‌ಹಾಕ್ ಟಾಸ್ಕ್ (ಆಮೇಲೆ ಮಾಡಬೇಕಾದ ಒಂದು ಸಲದ ಕೆಲಸ) ಬರೆದಿಟ್ಟು ಸುಮ್ಮನಾಗಬೇಕು, ಕಳಿಸುವುದನ್ನು ಕ್ರಾನ್, ಅಂದರೆ ಸರ್ವರ್‌ನಲ್ಲಿ ಹೊತ್ತು ಹೊತ್ತಿಗೆ ತಾನಾಗಿ ಓಡುವ ಪ್ರೋಗ್ರಾಂ, ನೋಡಿಕೊಳ್ಳಬೇಕು. ಕ್ರಾನನ್ನು ನಿಮಿಷಕ್ಕೊಮ್ಮೆ ಓಡಿಸಿ ಎನ್ನುವುದು ಇದಕ್ಕೇ.

ಕಳಿಸುವ ಭಾಗವನ್ನು ಅದೇ ಲೋಕಲ್ ಒಳಗೆ ಬರೆಯಬೇಕಿಲ್ಲ. 2024ರಲ್ಲಿ ಬಂದ 4.5 ಆವೃತ್ತಿಯಿಂದ ಎಸ್‌ಎಂಎಸ್ ಕಂಪನಿಯ ಜೊತೆ ಜೋಡಿಸುವ ಎಸ್‌ಎಂಎಸ್ ಗೇಟ್‌ವೇ ಎಂಬ ಪ್ರತ್ಯೇಕ ಬಗೆ ಇದೆ. ಕಂಪನಿ ಬದಲಾದರೆ ಗೇಟ್‌ವೇ ಮಾತ್ರ ಬದಲಾಯಿಸಿದರಾಯಿತು, ಯಾರಿಗೆ ಯಾವಾಗ ಕಳಿಸಬೇಕೆಂಬ ಕಾಲೇಜಿನ ನಿಯಮ ಲೋಕಲ್‌ನಲ್ಲಿ ಹಾಗೇ ಇರುತ್ತದೆ. ಒಂದು ಬೇಡಿಕೆಗೆ ಎರಡು ಪ್ಲಗಿನ್ ಎಂದರೆ ಹುಬ್ಬೇರಿಸಬೇಡಿ. ಒಂದರ ಮೇಲೆ ಒಂದು ಅವಲಂಬಿಸಿದೆ ಎಂದು ವರ್ಷನ್ ಫೈಲ್‌ನಲ್ಲಿ ಬರೆಯುವ ಸೌಲಭ್ಯವೇ ಇದೆ. ಅಂದಹಾಗೆ ನಮ್ಮ ದೇಶದಲ್ಲಿ ಹೀಗೆ ಸಂಸ್ಥೆಯಿಂದ ಎಸ್‌ಎಂಎಸ್ ಕಳಿಸಲು ಟೆಲಿಕಾಂ ಕಂಪನಿಗಳ ಡಿಎಲ್‌ಟಿ ಎಂಬ ವ್ಯವಸ್ಥೆಯಲ್ಲಿ ನೋಂದಣಿ ಬೇಕು. ಕಳಿಸುವವರ ಹೆಸರು, ಸಂದೇಶದ ಮಾದರಿ ಎರಡೂ ಮೊದಲೇ ಒಪ್ಪಿಗೆ ಪಡೆದಿರಬೇಕು. ಕೋಡ್ ಮುಗಿಸಿ ಆಮೇಲೆ ನೋಂದಣಿಗೆ ಹೊರಟರೆ ಸೆಮಿಸ್ಟರ್ ಮುಗಿದಿರುತ್ತದೆ.

ಆಫೀಸಿನವರ ಬೇಡಿಕೆಯಲ್ಲಿ ಎರಡು ಬೇಡಿಕೆ ಬೆರೆತಿವೆ, ಇದು ಎಲ್ಲ ಕಡೆಯ ಗೊಂದಲ. ಈ ವ್ಯಕ್ತಿ ಯಾರು, ಪಾಸ್‌ವರ್ಡ್ ಸರಿಯೇ ಎಂದು ನೋಡುವುದು ಆಥ್ ಪ್ಲಗಿನ್. ಅವರು ಯಾವ ಕೋರ್ಸಿಗೆ ಸೇರಿದವರು ಎಂದು ತೀರ್ಮಾನಿಸುವುದು ಎನ್‌ರೋಲ್ ಪ್ಲಗಿನ್. ಲಾಗಿನ್ ಆದ ಮಾತ್ರಕ್ಕೆ ಕೋರ್ಸ್ ಕಾಣುವುದಿಲ್ಲ. ಅಡ್ಮಿಷನ್ ಸಾಫ್ಟ್‌ವೇರ್‌ನ ಟೇಬಲ್ ಓದಲು ಸಿಗುವಂತಿದ್ದರೆ, ಹೊರಗಿನ ಡೇಟಾಬೇಸ್‌ನಿಂದ ಓದಿಕೊಳ್ಳುವ ಆಥ್ ಕೂಡ ಮೂಡಲ್ ಜೊತೆಗೇ ಇದೆ, ಎನ್‌ರೋಲ್ ಕೂಡ ಇದೆ. ಹೊಸದು ಬರೆಯುವ ಅಗತ್ಯ ಬೀಳುವುದೇ ಅಪರೂಪ. ಮುಂದೆ ಸರ್ಟಿಫಿಕೇಟ್ ಕೋರ್ಸಿಗೆ ಫೀಸು ತೆಗೆದುಕೊಳ್ಳಬೇಕು ಅಂದರೂ ಇದೇ ವಿವೇಕ: ಫೀಸು ಕಟ್ಟಿದರೆ ಸೇರಿಸು ಎಂಬುದು ಎನ್‌ರೋಲ್, ದುಡ್ಡು ಬರುವ ದಾರಿ ಪೇಮೆಂಟ್ ಗೇಟ್‌ವೇ. 3.10 ಆವೃತ್ತಿಯಿಂದ ಇವೆರಡೂ ಬೇರೆ ಬೇರೆ ಬಗೆಗಳು. ಯುಪಿಐ ಬೇಕಾದವರು ಬರೆಯಬೇಕಾದದ್ದು, ಇಲ್ಲವೇ ಹುಡುಕಬೇಕಾದದ್ದು, ಎರಡನೆಯದನ್ನು ಮಾತ್ರ.

ಪ್ರಶ್ನೆಗಳ ಲೋಕ ಬೇರೆಯೇ. ಎಲೆಯ ಚಿತ್ರದ ಮೇಲೆ ರೋಗದ ಜಾಗ ಗುರುತಿಸುವ ಪ್ರಶ್ನೆ ಬೇಕು ಅಂದರೆ ಅದು ಪ್ರಶ್ನೆಯ ಬಗೆ, ಮತ್ತು ಚಿತ್ರದ ಮೇಲೆ ಗುರುತು ಎಳೆದು ಬಿಡುವ ಬಗೆ ಆಗಲೇ ಇದೆ. ತಪ್ಪು ಮಾಡಿದರೆ ಸುಳಿವು ಕೊಟ್ಟು ಮತ್ತೆ ಕೇಳಬೇಕು ಅಂದರೆ ಅದು ಪ್ರಶ್ನೆಯ ನಡವಳಿಕೆ. ಕಾಲೇಜ್ ಲ್ಯಾಬಿನಲ್ಲಿ ಕೂತವರಿಗೆ ಮಾತ್ರ ಕ್ವಿಜ್ ತೆರೆಯಬೇಕು ಅಂದರೆ ಅದು ಕ್ವಿಜ್ ಪ್ರವೇಶ ನಿಯಮ. ಅಲ್ಲಿ ನೆಟ್‌ವರ್ಕ್ ವಿಳಾಸ ನೋಡುವ ನಿಯಮ ಸಿದ್ಧವಿದೆ. ಮೂರಕ್ಕೂ ಸೇರಿಸಿ ಹೊಸ ಕ್ವಿಜ್ ಮಾಡ್ಯೂಲ್ ಬರೆಯಲು ಹೊರಡಬೇಡಿ, ಕ್ವಿಜ್ ಮಾಡ್ಯೂಲ್ ಒಳಗೆ ಎಷ್ಟು ಸೂಕ್ಷ್ಮಗಳಿವೆ ಎಂಬುದು ಅದನ್ನು ತೆರೆದು ನೋಡಿದವರಿಗೇ ಗೊತ್ತು.

ಕನ್ನಡ ಮಾಧ್ಯಮದವರೂ ಇಂಗ್ಲಿಷ್ ಮಾಧ್ಯಮದವರೂ ಒಂದೇ ಕೋರ್ಸ್ ಓದುವ ಕಡೆ ಫಿಲ್ಟರ್ ಕೆಲಸಕ್ಕೆ ಬರುತ್ತದೆ. ಫಿಲ್ಟರ್ ಅಂದರೆ ಪುಟದ ಬರಹ ಪರದೆಗೆ ಬರುವ ಮುನ್ನ ಅದನ್ನು ಹಾಯಿಸುವ ಪ್ಲಗಿನ್. ಮಲ್ಟಿಲ್ಯಾಂಗ್ ಎಂಬ ಫಿಲ್ಟರ್ ಮೂಡಲ್ ಜೊತೆಗೇ ಬರುತ್ತದೆ. ಎರಡೂ ಭಾಷೆಯಲ್ಲಿ ಬರೆದಿಟ್ಟರೆ ಓದುಗ ಆರಿಸಿದ ಭಾಷೆಯದ್ದನ್ನು ಮಾತ್ರ ತೋರಿಸುತ್ತದೆ. ಕೋರ್ಸಿನ ಹೆಸರಿಗೂ ಅದು ಹತ್ತಬೇಕಾದರೆ "ವಿಷಯ ಮತ್ತು ಶೀರ್ಷಿಕೆ" ಎರಡಕ್ಕೂ ಎಂಬ ಆಯ್ಕೆ ಹಾಕಬೇಕು, ಇದನ್ನು ಮರೆತು ಫಿಲ್ಟರ್ ಕೆಟ್ಟಿದೆ ಅನ್ನುವವರೇ ಜಾಸ್ತಿ. ನೀವೇ ಫಿಲ್ಟರ್ ಬರೆಯುವುದಾದರೆ ಬಹಳ ಹಗುರವಾಗಿರಲಿ. ಪುಟದ ಪ್ರತಿ ತುಂಡು ಬರಹವೂ ಅದರ ಮೂಲಕ ಹೋಗುವುದರಿಂದ ಒಂದು ಡೇಟಾಬೇಸ್ ಕರೆ ಸೇರಿಸಿದರೂ ಅದು ಹತ್ತಾರು ಪಟ್ಟಾಗುತ್ತದೆ.

ಉಳಿದವು ಚಿಕ್ಕವು. ಇಂಥದ್ದು ಮುಗಿಸಿದರೆ ಮಾತ್ರ ಮುಂದಿನದು ತೆರೆಯಲಿ ಎಂಬುದು ಅವೈಲಬಿಲಿಟಿ ಷರತ್ತು. ದಿನಾಂಕ, ಅಂಕ, ಗುಂಪು, ಪ್ರೊಫೈಲ್ ಇವುಗಳ ಷರತ್ತು ಆಗಲೇ ಇವೆ. ಕೋರ್ಸ್ ಪುಟ ವಾರಗಳಾಗಿ ಬರಬೇಕೋ ವಿಷಯಗಳಾಗಿ ಬರಬೇಕೋ ಎಂಬುದು ಕೋರ್ಸ್ ಫಾರ್ಮ್ಯಾಟ್. ಥೀಮ್ ಬಣ್ಣ, ಲೋಗೋಗೆ ಇರಲಿ. ಅದರೊಳಗೆ ಕಾಲೇಜಿನ ನಿಯಮ ಬರೆದರೆ ಥೀಮ್ ಬದಲಾದ ದಿನ ನಿಯಮವೂ ಹೋಗುತ್ತದೆ, ಮೊಬೈಲ್ ಆ್ಯಪ್ ಅಂತೂ ಸೈಟಿನ ಥೀಮನ್ನು ನೋಡುವುದೇ ಇಲ್ಲ. ವರದಿ ಬೇಕು ಅಂದವರಿಗೆ 4.0ಯಿಂದ ಬಂದ ರಿಪೋರ್ಟ್ ಬಿಲ್ಡರ್ ಮೊದಲು ತೋರಿಸಿ. ಬಹಳ ಜನ ಅಲ್ಲಿಗೇ ತೃಪ್ತರಾಗುತ್ತಾರೆ. ಬೇರೆ ಭಾಷೆಯಲ್ಲಿ ಬರೆದ, ತನ್ನದೇ ಸರ್ವರ್ ಇರುವ ಸಿಮ್ಯುಲೇಶನ್ ಒಂದನ್ನು ಕೋರ್ಸಿಗೆ ತರಬೇಕಾದರೆ ಪ್ಲಗಿನ್ ಬರೆಯದೆ ಎಲ್‌ಟಿಐ (ಹೊರಗಿನ ಕಲಿಕಾ ಉಪಕರಣಗಳನ್ನು ಜೋಡಿಸುವ ಮಾನದಂಡ) ಮೂಲಕ ಜೋಡಿಸಬಹುದು, ಅಂಕವೂ ಮರಳಿ ಬರುತ್ತದೆ.

ಯಾವ ಬಗೆಯಾದರೂ ವಿದ್ಯಾರ್ಥಿಯ ಫೋನ್ ನಂಬರ್, ಜಾಗ, ಫೋಟೋ ಉಳಿಸುತ್ತಿದ್ದರೆ ಮೂಡಲ್‌ನ ಪ್ರೈವೆಸಿ ಕ್ಲಾಸ್ ಬರೆಯಿರಿ. ಇವರ ಬಗ್ಗೆ ನಿನ್ನ ಬಳಿ ಏನಿದೆ, ಅಳಿಸು ಎಂದು ಕೇಳಿದಾಗ ಉತ್ತರಿಸುವುದು ಅದೇ. 2023ರಲ್ಲಿ ನಮ್ಮಲ್ಲೂ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ.

ಬಗೆಯನ್ನು ಆಮೇಲೆ ಬದಲಾಯಿಸಿಕೊಳ್ಳೋಣ ಅನ್ನುವವರಿಗೆ ಒಂದು ಮಾತು. ಮೂಡಲ್‌ನಲ್ಲಿ ಪ್ಲಗಿನ್‌ನ ಪೂರ್ತಿ ಹೆಸರು ಬಗೆಯಿಂದಲೇ ಶುರುವಾಗುತ್ತದೆ: ಮಾಡ್ ತೋಟ, ಬ್ಲಾಕ್ ತೋಟ, ಲೋಕಲ್ ತೋಟ ಎಂದು, ನಡುವೆ ಅಂಡರ್‌ಸ್ಕೋರ್ (ಮಾಡ್ ಅಂದರೆ ಆ್ಯಕ್ಟಿವಿಟಿ). ಆ್ಯಕ್ಟಿವಿಟಿಯಾದರೆ ಮುಂದಿನ ಹೆಸರಿನ ಒಳಗೆ ಇನ್ನೊಂದು ಅಂಡರ್‌ಸ್ಕೋರ್ ಬರುವ ಹಾಗೂ ಇಲ್ಲ. ಆ ಹೆಸರು ಅನುಮತಿಗಳಲ್ಲಿ, ಭಾಷೆಯ ಫೈಲ್‌ನಲ್ಲಿ, ಸೆಟ್ಟಿಂಗ್‌ಗಳಲ್ಲಿ, ಏರಿಸಿದ ಪ್ರತಿ ಫೋಟೋದ ದಾಖಲೆಯಲ್ಲಿ ಕೂತಿರುತ್ತದೆ. ಲೋಕಲ್ ಅಂತ ಬರೆದದ್ದನ್ನು ಎರಡು ವರ್ಷದ ಮೇಲೆ ಆ್ಯಕ್ಟಿವಿಟಿ ಮಾಡಬೇಕೆಂದರೆ ಫೋಲ್ಡರ್ ಜರುಗಿಸಿದರೆ ಆಗುವುದಿಲ್ಲ. ಹೊಸ ಪ್ಲಗಿನ್ ಬರೆದು, ಹಳೆಯದರ ಟೇಬಲ್‌ನಿಂದ ಒಂದೊಂದು ದಾಖಲೆಯನ್ನೂ ಓದಿ, ಸರಿಯಾದ ಕೋರ್ಸಿನ ಸರಿಯಾದ ಆ್ಯಕ್ಟಿವಿಟಿಗೆ ಸೇರಿಸುವ ಸ್ಕ್ರಿಪ್ಟ್ ಬರೆಯಬೇಕು. ಅದನ್ನು ಮೊದಲು ಸೈಟಿನ ಒಂದು ನಕಲಿನ ಮೇಲೆ ಓಡಿಸಿ, ಫೋಟೋಗಳು ತೆರೆಯುತ್ತವೆಯೇ, ಅಂಕಗಳು ತಾಳೆಯಾಗುತ್ತವೆಯೇ ಎಂದು ಮೇಡಂ ಕೈಯಲ್ಲೇ ನೋಡಿಸಿ. ಅಲ್ಲಿಯವರೆಗೆ ಹಳೆಯ ಪ್ಲಗಿನ್ ಇದ್ದ ಹಾಗೇ ಇರಲಿ. ಅದರ ಎದುರಿನ ಅನ್‌ಇನ್‌ಸ್ಟಾಲ್ ಒತ್ತಿದರೆ ಕೋಡ್ ಜೊತೆ ಅದರ ಟೇಬಲ್‌ಗಳೂ ಹೋಗುತ್ತವೆ.